ಮೊದಲ ಆಲ್ಬಮ್ಮನ್ನು ಮೊದಲೇ ಕೇಳಬೇಕೆ?

“ಪಿಂಕ್ ಫ್ಲಾಯ್ಡ್ ಕೇಳೋಣ ಅಂತಿದೀನಿ ಸಾರ್, ಎಲ್ಲಿಂದ ಶುರು ಮಾಡಲಿ?” ರಾಕ್ ಸಂಗೀತದ ಬಗ್ಗೆ ಅಷ್ಟಿಷ್ಟು ಬರೆಯುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹೀಗೆ ಕೇಳುವ ಎಷ್ಟೋ ಜನ ಆ ಬ್ಯಾಂಡಿನ ಟಿ-ಶರ್ಟನ್ನು ಆಗಲೇ ತೊಟ್ಟಿರುತ್ತಾರೆ: ಕಪ್ಪು ಬಟ್ಟೆ, ನಡುವೆ ಗಾಜಿನ ಪ್ರಿಸಮ್, ಅದರಿಂದ ಹೊರಡುವ ಬಣ್ಣದ ಪಟ್ಟೆಗಳು. (ಬಣ್ಣ ಏಳಲ್ಲ, ಆರೇ, ಎಣಿಸಿ ನೋಡಿ.) ಅಂಗಿ ಮೊದಲು ಬಂದು ಹಾಡು ಆಮೇಲೆ ಬರುವುದು ಈ ಕಾಲದ ಪದ್ಧತಿ. ಅದರಲ್ಲಿ ತಪ್ಪೇನೂ ಇಲ್ಲ.

ಪೇಚಿಗೆ ಸಿಕ್ಕಿಕೊಳ್ಳುವವರು ಶಿಸ್ತಿನ ಕೇಳುಗರು. ಏನನ್ನೇ ಆಗಲಿ ಬುಡದಿಂದ ತಿಳಿದುಕೊಳ್ಳಬೇಕು ಎನ್ನುವ ಜಾತಿಯವರು ಇವರು. ಫೋನಿನಲ್ಲಿ ಆಲ್ಬಮ್ಮುಗಳ ಪಟ್ಟಿಯ ತಳದವರೆಗೆ ಇಳಿದು, 1967 ಎಂಬ ಇಸವಿ ಕಂಡಲ್ಲಿ ಬೆರಳೊತ್ತುತ್ತಾರೆ. ಅಲ್ಲಿರುವುದು ‘ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್’. ಮೂರ್ನಾಲ್ಕು ಹಾಡಾಗುವಷ್ಟರಲ್ಲಿ ಗ್ರಹಗಳ ಹೆಸರು, ಸಯಾಮಿ ಬೆಕ್ಕು, ಅಮ್ಮ ಹೇಳುವ ಕಥೆ ಎಲ್ಲ ಬಂದು ಹೋಗುತ್ತವೆ. ಐದನೆಯದರಲ್ಲಿ ಯಾರೋ ಬಾಯಲ್ಲಿ ಚಿತ್ರವಿಚಿತ್ರ ಸದ್ದು ಹೊರಡಿಸುತ್ತಿರುತ್ತಾರೆ. ಎರಡನೆಯ ಭಾಗದಲ್ಲಿ ಕುಳ್ಳ ಯಕ್ಷನೊಬ್ಬ ಬರುತ್ತಾನೆ. ಟಿ-ಶರ್ಟಿನ ಗಾಂಭೀರ್ಯಕ್ಕೂ ಇದಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳುಗ ಅಲ್ಲಿಗೇ ನಿಲ್ಲಿಸುತ್ತಾನೆ. ಪಿಂಕ್ ಫ್ಲಾಯ್ಡ್ ತನ್ನ ಕಿವಿಗಲ್ಲ ಎಂದು ತೀರ್ಮಾನಿಸಿ ಕೈತೊಳೆದುಕೊಂಡವರೂ ಇದ್ದಾರೆ.

ಹಾಗಾದರೆ ಅದು ಕಳಪೆ ಆಲ್ಬಮ್ಮೇ? ಖಂಡಿತ ಅಲ್ಲ. ಎಳಸೇ? ಅದೂ ಅಲ್ಲ. ಅದು ಬೇರೆಯವರ ಆಲ್ಬಮ್. ಹೋಟೆಲಿನ ಬೋರ್ಡು ಹಾಗೇ ಇದ್ದು ಒಳಗಿನ ಅಡುಗೆ ಭಟ್ಟರು ಬದಲಾದರೆ ಊಟದ ರುಚಿ ಹೇಗಾದೀತೋ, ಹೆಚ್ಚು ಕಡಿಮೆ ಹಾಗೆ.

ಆ ಭಟ್ಟರ ಹೆಸರು ಸಿಡ್ ಬ್ಯಾರೆಟ್. ಕೇಂಬ್ರಿಜ್‌ನ ಹುಡುಗ, ಚಿತ್ರಕಲೆಯ ವಿದ್ಯಾರ್ಥಿ, 1946ರ ಜನವರಿಯಲ್ಲಿ ಹುಟ್ಟಿದವನು. ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪ ಓದಲು ಸೇರಿ ಒಟ್ಟಾದ ರೋಜರ್ ವಾಟರ್ಸ್, ರಿಚರ್ಡ್ ರೈಟ್, ನಿಕ್ ಮೇಸನ್ ಎಂಬ ಮೂವರನ್ನು ಇವನು ಕೂಡಿಕೊಂಡ. ಅಮೆರಿಕದ ಇಬ್ಬರು ಬ್ಲೂಸ್ ಗಾಯಕರಾದ ಪಿಂಕ್ ಆಂಡರ್ಸನ್ ಮತ್ತು ಫ್ಲಾಯ್ಡ್ ಕೌನ್ಸಿಲ್ ಇವರ ಮೊದಲ ಹೆಸರುಗಳನ್ನು ಜೋಡಿಸಿ ಬ್ಯಾಂಡಿಗೆ ಹೆಸರಿಟ್ಟವನೂ ಇವನೇ. ಪೈಪರ್‌ನಲ್ಲಿರುವ ಹನ್ನೊಂದು ಹಾಡುಗಳಲ್ಲಿ ಎಂಟು ಇವನೊಬ್ಬನೇ ಬರೆದದ್ದು. ಎರಡು ವಾದ್ಯಸಂಗೀತ, ಅವು ನಾಲ್ವರ ಹೆಸರಿನಲ್ಲಿವೆ. ಉಳಿದ ಒಂದೇ ಒಂದು ವಾಟರ್ಸ್‌ನದು. ಇಡೀ ಆಲ್ಬಮ್ಮಿನಲ್ಲಿ ಪೇಲವವಾದದ್ದು ಅದೇ. ಮುಂದೆ ‘ದಿ ವಾಲ್’ ಬರೆಯಲಿರುವ ಮನುಷ್ಯ ಇವನೇನಾ ಎಂದು ಅನುಮಾನ ಬರಬೇಕು, ಅಷ್ಟು ಪೇಲವ. ಇನ್ನು ಪಿಂಕ್ ಫ್ಲಾಯ್ಡ್ ಎಂದೊಡನೆ ಜನರ ಕಿವಿಯಲ್ಲಿ ಗುನುಗುವ ಆ ನಿಧಾನದ, ತಂತಿಯನ್ನು ಎಳೆದೆಳೆದು ಅಳಿಸುವ ಗಿಟಾರ್ ಇದೆಯಲ್ಲ, ಅದನ್ನು ನುಡಿಸುವ ಡೇವಿಡ್ ಗಿಲ್ಮೋರ್ ಆಗ ಬ್ಯಾಂಡಿನಲ್ಲೇ ಇರಲಿಲ್ಲ. ಅವನು ಬಂದದ್ದು 1968ರ ಆರಂಭಕ್ಕೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಸಿಡ್ ಹೊರಗಾದ.

ಸಿಡ್‌ನ ಲೋಕ ಮಕ್ಕಳ ಪುಸ್ತಕದ ಲೋಕ. ಆಲ್ಬಮ್ಮಿನ ಹೆಸರನ್ನೇ ಕೆನೆತ್ ಗ್ರಹಾಂ 1908ರಲ್ಲಿ ಬರೆದ ‘ದಿ ವಿಂಡ್ ಇನ್ ದಿ ವಿಲೋಸ್’ ಎಂಬ ಮಕ್ಕಳ ಕಾದಂಬರಿಯ ಏಳನೆಯ ಅಧ್ಯಾಯದಿಂದ ಎತ್ತಿಕೊಂಡಿದ್ದಾನೆ. ಕಳೆದುಹೋದ ನೀರುನಾಯಿ ಮರಿಯನ್ನು ಹುಡುಕುತ್ತ ಹೊರಟ ಇಲಿ ಮತ್ತು ಮೋಲ್‌ಗೆ ಬೆಳಗಿನ ಜಾವ ಕೊಳಲೂದುವ ದೇವತೆಯ ದರ್ಶನವಾಗುವ ಅಧ್ಯಾಯ ಅದು. ‘ಮಟಿಲ್ಡಾ ಮದರ್’ ಹಾಡಿಗೆ ಸಿಡ್ ಮೊದಲು ಹಿಲೇರ್ ಬೆಲಾಕ್‌ನ ಮಕ್ಕಳ ಪದ್ಯಗಳನ್ನು ಬಳಸಿಕೊಂಡಿದ್ದ; ಹಕ್ಕುದಾರರು ಒಪ್ಪದ ಕಾರಣ ತಾನೇ ಹೊಸ ಸಾಲು ಹೊಸೆದ. ಬೆದರುಬೊಂಬೆ, ಬೆಕ್ಕು, ಸೈಕಲ್ಲು ಅವನ ವಸ್ತುಗಳು. ‘ಚಾಪ್ಟರ್ 24’ ಎಂಬ ಹಾಡಂತೂ ಚೀನಾದ ಪ್ರಾಚೀನ ಗ್ರಂಥ ‘ಈ ಚಿಂಗ್’ನಿಂದ ನೇರ ಇಳಿದದ್ದು. ಸಾವು, ದುಡ್ಡು, ಯುದ್ಧ, ಹುಚ್ಚು ಎಂದು ದೊಡ್ಡ ದೊಡ್ಡ ವಿಷಯಗಳನ್ನು ಎತ್ತಿಕೊಂಡ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಕೇಳಿ ಬಂದವರಿಗೆ ಇದು ಚಿಕ್ಕ ಮಕ್ಕಳಾಟವಾಗಿ ಕಂಡರೆ ಅವರನ್ನು ದೂರಿ ಪ್ರಯೋಜನವಿಲ್ಲ. ಹೆಚ್ಚು ಕಡಿಮೆ ನಲವತ್ತೆರಡು ನಿಮಿಷದ ಅಳತೆ ಬಿಟ್ಟರೆ ಈ ಎರಡು ಆಲ್ಬಮ್ಮುಗಳ ನಡುವೆ ಹೋಲಿಕೆ ಹುಡುಕುವುದೇ ಕಷ್ಟ.

ಆದರೆ ಕಿವಿಗೊಟ್ಟು ಕೇಳಿದರೆ ಈ ಆಟ ಅಷ್ಟು ಚಿಕ್ಕದಲ್ಲ ಎಂದು ಗೊತ್ತಾಗುತ್ತದೆ. ಕೊನೆಯ ಹಾಡು ‘ಬೈಕ್’ ತೆಗೆದುಕೊಳ್ಳಿ. ಹುಡುಗನೊಬ್ಬ ಹುಡುಗಿಯ ಮುಂದೆ ತನ್ನ ಆಸ್ತಿಯನ್ನೆಲ್ಲ ಹರಡಿ ಕೂತಿದ್ದಾನೆ: ಒಂದು ಸೈಕಲ್, ಅದೂ ಎರವಲು ತಂದದ್ದು, ಮುಂದೆ ಹರಿದಿರುವ ಒಂದು ಮೇಲಂಗಿ, ಸಾಕಿದ್ದೋ ಸೇರಿಕೊಂಡದ್ದೋ ತಿಳಿಯದ ಒಂದು ಮುದಿ ಇಲಿ. ಸಾಲುಗಳು ತಾಳಕ್ಕೆ ಸರಿಯಾಗಿ ಕೂರುವುದಿಲ್ಲ. ಒಂದು ಉದ್ದ, ಒಂದು ಗಿಡ್ಡ; ಸಾಲು ಮುಗಿಯುವವರೆಗೆ ವಾದ್ಯಗಳೇ ಕಾಯಬೇಕು. ಮಾತು ಬರದ ಹುಡುಗ ಒಂದೇ ಉಸಿರಿಗೆ ಎಲ್ಲ ಹೇಳಿಬಿಡುವ ಅವಸರ ಅದರಲ್ಲಿದೆ. ಹಾಡು ಎರಡು ನಿಮಿಷದೊಳಗೇ ಮುಗಿಯುತ್ತದೆ. ಆಮೇಲೆ ಯಾವುದೋ ಕೋಣೆಯೊಳಗೆ ಹೊಕ್ಕಂತೆ ಗಡಿಯಾರಗಳು, ಗಂಟೆಗಳು, ಕೀಲುಗಳು ಎಲ್ಲ ಒಟ್ಟಿಗೆ ಕಿರುಗುಟ್ಟತೊಡಗುತ್ತವೆ. ಕಡೆಗೆ ಬಾತುಕೋಳಿ ನಕ್ಕಂಥ ಒಂದು ಸದ್ದು ಮತ್ತೆ ಮತ್ತೆ ಸುತ್ತಿ ಕರಗುತ್ತದೆ. ನಗು ಬರುತ್ತದೆ, ಜೊತೆಗೆ ಒಂಚೂರು ದಿಗಿಲೂ ಆಗುತ್ತದೆ. 1973ರ ‘ಟೈಮ್’ ಹಾಡಿನ ಆರಂಭದಲ್ಲಿ ಗಡಿಯಾರಗಳು ಒಮ್ಮೆಲೇ ಬಡಿದುಕೊಳ್ಳುವುದನ್ನು ಕೇಳಿ ಬೆಚ್ಚಿದವರು, ಗಡಿಯಾರ ಈ ಬ್ಯಾಂಡಿನ ಹಾಡೊಳಗೆ ಆರು ವರ್ಷ ಮೊದಲೇ ಕಾಲಿಟ್ಟಿತ್ತು ಎಂಬುದನ್ನು ಗಮನಿಸಬೇಕು.

ಇನ್ನೊಂದು ತುದಿಯಲ್ಲಿ ‘ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್’. ಮಾತಿಲ್ಲದ, ಒಂಬತ್ತೂ ಮುಕ್ಕಾಲು ನಿಮಿಷಕ್ಕೆ ಸಮೀಪದ ತುಣುಕು. ಮೆಟ್ಟಿಲಿಳಿಯುವಂಥ ಒಂದು ಒರಟು ಗಿಟಾರ್ ಧಾಟಿಯಿಂದ ಶುರುವಾಗಿ, ನಿಮಿಷವಾಗುವಷ್ಟರಲ್ಲಿ ನಾಲ್ವರೂ ನಾಲ್ಕು ದಿಕ್ಕಿಗೆ ಹೊರಟುಬಿಡುತ್ತಾರೆ. ತಾಳ ಇದೆಯೋ ಇಲ್ಲವೋ ತಿಳಿಯದು. ಸಿಡ್ ಸಿಗರೇಟ್ ಲೈಟರನ್ನು ತಂತಿಯ ಮೇಲೆ ಜಾರಿಸಿ, ಆ ಸದ್ದನ್ನು ಬಿನ್ಸನ್ ಎಂಬ ಇಟಲಿಯ ಪ್ರತಿಧ್ವನಿ ಯಂತ್ರದೊಳಗೆ ಹಾಯಿಸುತ್ತಿದ್ದ. ರೈಟ್‌ನ ಫರ್ಫೀಸಾ ಆರ್ಗನ್ ಅದರ ಸುತ್ತ ಹೊಗೆಯಂತೆ ಹರಡುತ್ತಿತ್ತು. ಕೊನೆಗೆ ಎಲ್ಲರೂ ಮರಳಿ ಅದೇ ಧಾಟಿಗೆ ಬರುವಾಗ ಇಡೀ ಸಂಗೀತ ಎಡಗಿವಿಯಿಂದ ಬಲಗಿವಿಗೆ, ಬಲದಿಂದ ಎಡಕ್ಕೆ ತೂಗಾಡುತ್ತದೆ. ಹೆಡ್‌ಫೋನ್ ಹಾಕಿಕೊಂಡವರಿಗೆ ತಲೆ ತಿರುಗುವುದು ಖಚಿತ. ಇದು ಆಲ್ಬಮ್ಮಿಗಾಗಿ ಕತ್ತರಿಸಿದ ರೂಪ ಎಂಬುದು ನೆನಪಿರಲಿ. 1967ರ ಜನವರಿಯಲ್ಲಿ ಸಾಕ್ಷ್ಯಚಿತ್ರವೊಂದಕ್ಕಾಗಿ ಮುದ್ರಿಸಿಕೊಂಡ ಇದೇ ತುಣುಕು ಹದಿನಾರು ನಿಮಿಷ ದಾಟುತ್ತದೆ. ಲಂಡನ್ನಿನ ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಯುಎಫ್‌ಓ ಕ್ಲಬ್ಬಿನಲ್ಲಿ, ಗೋಡೆಯ ಮೇಲೆಲ್ಲ ಬಣ್ಣದ ಬೆಳಕು ಹರಿದಾಡುವಾಗ, ಇರುಳೆಲ್ಲ ಕುಣಿಯುವ ಜನರ ಮುಂದೆ ಬೆಳೆದ ಬ್ಯಾಂಡು ಇದು.

ಅಂಥವರನ್ನು ಸ್ಟುಡಿಯೋದೊಳಗೆ ಹಿಡಿದು ಕೂರಿಸಿದವನು ನಾರ್ಮನ್ ಸ್ಮಿತ್. ‘ರಬ್ಬರ್ ಸೋಲ್’ವರೆಗೆ ಬೀಟಲ್ಸ್ ತಂಡದ ಧ್ವನಿಮುದ್ರಣ ಮಾಡಿದ ಎಂಜಿನಿಯರ್. ಸ್ಟುಡಿಯೋ, ಈಗ ಅಬೀ ರೋಡ್ ಎಂದು ಹೆಸರಾದದ್ದೇ. ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಆ ವಸಂತದಲ್ಲಿ ಬೀಟಲ್ಸ್ ‘ಸಾರ್ಜೆಂಟ್ ಪೆಪ್ಪರ್’ ಮುಗಿಸುತ್ತಿದ್ದರು. ಕ್ಲಬ್ಬಿನ ಅಂಕೆಯಿಲ್ಲದ ಆಟವನ್ನು ಮೂರು ನಿಮಿಷದ ಹಾಡುಗಳಿಗೆ ಇಳಿಸಬೇಕೆಂಬುದು ಸ್ಮಿತ್‌ನ ಹಟ. ಇಳಿಯುವುದಿಲ್ಲ ಎಂಬುದು ಹುಡುಗರ ಹಟ. ಈ ಜಗ್ಗಾಟ ಆಲ್ಬಮ್ಮಿನ ಉದ್ದಕ್ಕೂ ಕೇಳಿಸುತ್ತದೆ, ಅದರ ಸೊಗಸು ಇರುವುದೂ ಅಲ್ಲೇ. 1967ರ ಆಗಸ್ಟ್‌ನಲ್ಲಿ ಬಿಡುಗಡೆಯಾಗಿ ಬ್ರಿಟನ್ನಿನ ಪಟ್ಟಿಯಲ್ಲಿ ಅದು ಆರನೆಯ ಸ್ಥಾನದವರೆಗೆ ಏರಿತು.

ಹೊಸಬರಿಗೆ ಇದು ರುಚಿಸೀತೇ ಎಂಬ ಚಿಂತೆ ಇವತ್ತಿನದೂ ಅಲ್ಲ. ಆ ವರ್ಷವೇ ಅಮೆರಿಕದ ಕಂಪನಿಗೆ ಅದು ಹತ್ತಿತ್ತು. ಟವರ್ ಎಂಬ ಲೇಬಲ್ಲು ಅಲ್ಲಿ ಬಿಡುಗಡೆ ಮಾಡಿದ ಪೈಪರ್‌ನಲ್ಲಿ ಮೊದಲ ಹಾಡು ‘ಆಸ್ಟ್ರಾನಮಿ ಡಾಮಿನೇ’ ಇರಲಿಲ್ಲ, ಕೊನೆಯ ‘ಬೈಕ್’ ಇರಲಿಲ್ಲ, ನಡುವಿನ ‘ಫ್ಲೇಮಿಂಗ್’ ಕೂಡ ಇರಲಿಲ್ಲ. ಬ್ರಿಟನ್ನಿನಲ್ಲಿ ಗೆದ್ದಿದ್ದ ‘ಸೀ ಎಮಿಲಿ ಪ್ಲೇ’ಯನ್ನು ತಂದು ಬಾಗಿಲಲ್ಲೇ ನಿಲ್ಲಿಸಿದ್ದರು. ಇಷ್ಟು ಮಾಡಿದರೂ ಅದು ಅಲ್ಲಿ ನೂರರೊಳಗೆ ಬರಲಿಲ್ಲ.

ಇನ್ನೂ ತಮಾಷೆ ನಡೆದದ್ದು 1973ರ ಕೊನೆಗೆ. ಡಾರ್ಕ್ ಸೈಡ್ ದಿಢೀರನೆ ಮನೆಮನೆಯ ಮಾತಾಗಿತ್ತು. 1988ರವರೆಗೆ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 741 ವಾರ ಕೂರಲಿತ್ತು. ಗಾಳಿ ಬಂದಾಗ ತೂರಿಕೊಳ್ಳಬೇಕಲ್ಲ, ಕಂಪನಿಯವರು ಬ್ಯಾಂಡಿನ ಮೊದಲೆರಡು ಆಲ್ಬಮ್ಮುಗಳನ್ನು ಒಟ್ಟಿಗೆ ಕಟ್ಟಿ ‘ಎ ನೈಸ್ ಪೇರ್’ ಎಂದು ಹೆಸರಿಟ್ಟು ಮಾರಿದರು. ಅದರ ಅಮೆರಿಕದ ಆವೃತ್ತಿಯಲ್ಲಿ ಪೈಪರ್‌ನ ಮೊದಲ ಹಾಡಿನ ಜಾಗಕ್ಕೆ ಹಾಕಿದ್ದು 1969ರಲ್ಲಿ ವೇದಿಕೆಯ ಮೇಲೆ ಮುದ್ರಿಸಿಕೊಂಡ ರೂಪ, ಅಂದರೆ ಸಿಡ್ ಇಲ್ಲದ, ಗಿಲ್ಮೋರ್ ಇರುವ ರೂಪ. ಡಾರ್ಕ್ ಸೈಡ್ ಕೇಳಿ ಹಿಗ್ಗಿ ಹಳೆಯದನ್ನು ಹುಡುಕಿಕೊಂಡು ಬಂದ ಅಮೆರಿಕದ ಹುಡುಗ, ಬ್ಯಾಂಡಿನ ಮೊದಲ ಆಲ್ಬಮ್ಮಿನ ಮೊದಲ ಹಾಡನ್ನು ಕೇಳುತ್ತಿದ್ದೇನೆ ಎಂದುಕೊಂಡು ಕೇಳಿದ್ದು, ಆ ಆಲ್ಬಮ್ ಮಾಡುವಾಗ ತಂಡದಲ್ಲೇ ಇಲ್ಲದವನ ಗಿಟಾರನ್ನು.

ಚೊಚ್ಚಲ ಆಲ್ಬಮ್ಮಿನಿಂದಲೇ ಶುರು ಮಾಡಿ ಎಂದು ಧೈರ್ಯವಾಗಿ ಹೇಳಬಹುದಾದ ಬ್ಯಾಂಡುಗಳೂ ಇವೆ. ಡೋರ್ಸ್ 1967ರಲ್ಲಿ, ಲೆಡ್ ಜೆಪೆಲಿನ್ 1969ರಲ್ಲಿ, ಬ್ಲ್ಯಾಕ್ ಸಬ್ಬಾತ್ 1970ರಲ್ಲಿ ಬಂದಾಗಲೇ ಪೂರ್ತಿ ತಯಾರಾಗಿ ಬಂದವು. ಸಬ್ಬಾತ್‌ನವರು ಮೊದಲ ಆಲ್ಬಮ್ಮನ್ನು ಹೆಚ್ಚು ಕಡಿಮೆ ಒಂದೇ ದಿನದಲ್ಲಿ ಮುಗಿಸಿದರು. ಮುಂದಿನ ಹೆವಿ ಮೆಟಲ್ ಪೂರ್ತಿ ಅದರೊಳಗೆ ಬೀಜವಾಗಿದೆ. ಎದುರು ಸಾಲಿನಲ್ಲಿ ನಿಲ್ಲುವವು ಡೀಪ್ ಪರ್ಪಲ್, ಫ್ಲೀಟ್‌ವುಡ್ ಮ್ಯಾಕ್, ರಶ್. ಡೀಪ್ ಪರ್ಪಲ್‌ನ ಮೊದಲ ಆಲ್ಬಮ್ಮಿನಲ್ಲಿ ಗಾಯಕ ಇಯಾನ್ ಗಿಲನ್ ಇಲ್ಲ, ರಶ್‌ನ ಮೊದಲನೆಯದರಲ್ಲಿ ಡ್ರಮ್ಮರ್ ನೀಲ್ ಪಿಯರ್ಟ್ ಇಲ್ಲ. ಫ್ಲೀಟ್‌ವುಡ್ ಮ್ಯಾಕ್ ಅಂತೂ ಆಗ ಗಿಟಾರ್ ವಾದಕ ಪೀಟರ್ ಗ್ರೀನ್ ಕಾಲದ ಬ್ಲೂಸ್ ತಂಡ. ಮುಂದೆ ಅದೇ ತಂಡ ತಂದ ‘ರೂಮರ್ಸ್’ ಕೇಳಿದವರಿಗೆ ಗುರುತೇ ಸಿಗದು. ಹಾಗಾಗಿ ಯಾವುದೇ ಬ್ಯಾಂಡಿನ ಮೊದಲ ಆಲ್ಬಮ್ ತೆರೆಯುವ ಮುನ್ನ ಇಸವಿಗಿಂತ ಮೊದಲು ನೋಡಬೇಕಾದದ್ದು ಯಾರ್‍ಯಾರು ನುಡಿಸಿದ್ದಾರೆ, ಯಾರು ಬರೆದಿದ್ದಾರೆ ಎಂಬುದನ್ನು.

ಹಾಗಿದ್ದರೆ ಪೈಪರ್‌ಗೆ ಯಾವ ಸರದಿ? ‘ವಿಶ್ ಯು ವರ್ ಹಿಯರ್’ ಆದ ಮೇಲೆ ಎಂದು ನನ್ನ ಮತ. 1975ರ ಆ ಆಲ್ಬಮ್ಮಿನ ಬಹುಪಾಲನ್ನು ಆಕ್ರಮಿಸಿರುವ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಸಿಡ್‌ನನ್ನು ಕುರಿತದ್ದು. ಅದನ್ನು ಸಿದ್ಧಪಡಿಸುತ್ತಿದ್ದ ದಿನಗಳಲ್ಲೇ, ಜೂನ್ ತಿಂಗಳಲ್ಲಿ, ಸಿಡ್ ಹೇಳದೆ ಕೇಳದೆ ಸ್ಟುಡಿಯೋಗೆ ಬಂದ. ಮೈ ಊದಿಕೊಂಡಿತ್ತು, ತಲೆಯೂ ಹುಬ್ಬೂ ಬೋಳಿಸಿಕೊಂಡಿದ್ದ. ಜೊತೆಗೆ ನುಡಿಸಿದವರಿಗೇ ಒಡನೆ ಗುರುತು ಹತ್ತಲಿಲ್ಲ. ಈ ಆಲ್ಬಮ್ ಹೊಸ ಕೇಳುಗರಿಗೆ ಸುಲಭ. ಸ್ವರಗಳು ನಿಧಾನ, ಗಿಲ್ಮೋರ್‌ನ ಗಿಟಾರ್ ತುಂಬಿ ಹರಿಯುತ್ತದೆ. ಕೇಳಿ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಇಷ್ಟೆಲ್ಲ ಹಂಬಲಿಸುವಂತೆ ಮಾಡಿದ ಆ ಮನುಷ್ಯ ಹೇಗಿದ್ದ? ಉತ್ತರ ಪೈಪರ್‌ನಲ್ಲಿದೆ. ಆಗ ಕುಳ್ಳ ಯಕ್ಷ, ಬೆದರುಬೊಂಬೆ, ಹರಿದ ಮೇಲಂಗಿ ಯಾವುದೂ ಬಾಲಿಶವಾಗಿ ಕೇಳುವುದಿಲ್ಲ. ಇಪ್ಪತ್ತೊಂದರ ಹುಡುಗನೊಬ್ಬನ ತುಂಟತನ, ಚುರುಕು ಬುದ್ಧಿ ಕೇಳುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲೇ ಹೇಳಬೇಕು. ಸಿಡ್‌ನ ಮುಂದಿನ ಗತಿ ತಿಳಿದವರು ಪೈಪರ್‌ನ ಸಾಲು ಸಾಲಿನಲ್ಲೂ ಮಾನಸಿಕ ಕುಸಿತದ ಮುನ್ಸೂಚನೆ ಹುಡುಕಲು ಕೂರುತ್ತಾರೆ. ಎಲ್‌ಎಸ್‌ಡಿ, ಹುಚ್ಚು, ದುರಂತ ನಾಯಕ ಎಂಬ ಕಥೆಗೆ ಬಹಳ ಬೇಡಿಕೆಯಿದೆ. ಆಲ್ಬಮ್ಮನ್ನು ಹಾಗೆ ಕೇಳುವುದು ಅನ್ಯಾಯ. ‘ಲೂಸಿಫರ್ ಸ್ಯಾಮ್’ ಬರೆದವನು ಕೈಹಿಡಿತ ತಪ್ಪಿದವನಲ್ಲ. ಒಂದು ಬೆಕ್ಕಿನ ಹಾಡಿಗೆ ಪತ್ತೇದಾರಿ ಸಿನಿಮಾದ ಗಿಟಾರ್ ಹೊಂದಿಸುವುದು ಕಸುಬು ಬಲ್ಲವನಿಗೇ ಸಾಧ್ಯ.

ನೇರ ಪೈಪರ್‌ಗೇ ಹೋಗುತ್ತೇನೆ ಎನ್ನುವವರು ಕನಿಷ್ಠ ಎರಡು ಬಿಡಿ ಹಾಡುಗಳನ್ನು ಮುಂಚೆ ಕೇಳಿಕೊಳ್ಳಿ: ‘ಆರ್ನಾಲ್ಡ್ ಲೇನ್’ ಮತ್ತು ‘ಸೀ ಎಮಿಲಿ ಪ್ಲೇ’. ಸಿಂಗಲ್ ಆಗಿ ಮಾರಿದ ಹಾಡನ್ನು ಆಲ್ಬಮ್ಮಿಗೆ ಸೇರಿಸದಿರುವುದು ಆಗಿನ ಬ್ರಿಟನ್ನಿನಲ್ಲಿ ರೂಢಿಯಾಗಿದ್ದರಿಂದ ಅಲ್ಲಿನ ಪೈಪರ್‌ನಲ್ಲಿ ಇವೆರಡೂ ಇಲ್ಲ. 1971ರ ‘ರೆಲಿಕ್ಸ್’ ಸಂಕಲನದಲ್ಲಿ ಎರಡೂ ಸಿಗುತ್ತವೆ. ಮೊದಲನೆಯದು ರಾತ್ರಿ ಹೊತ್ತು ಒಣಹಾಕಿದ ಹೆಂಗಸರ ಬಟ್ಟೆ ಕದಿಯುವವನ ಕಥೆ. ಕೇಂಬ್ರಿಜ್‌ನಲ್ಲಿ ವಾಟರ್ಸ್‌ನ ತಾಯಿಯ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿಯರ ಬಟ್ಟೆ ನಿಜಕ್ಕೂ ಕಳುವಾಗುತ್ತಿತ್ತಂತೆ. ರೇಡಿಯೋ ಲಂಡನ್ ಈ ಹಾಡನ್ನು ಹಾಕಲು ಒಪ್ಪಲಿಲ್ಲ, ಆದರೂ ಪಟ್ಟಿಯಲ್ಲಿ ಇಪ್ಪತ್ತನೆಯ ಸ್ಥಾನಕ್ಕೆ ಬಂತು. ಮೂರೇ ನಿಮಿಷದಲ್ಲಿ ಸಿಡ್‌ನ ವರಸೆ ಏನೆಂದು ತಿಳಿಯುತ್ತದೆ. ಇದು ಹಿಡಿಸದಿದ್ದರೆ ಪೈಪರ್‌ಗೆ ಹೋಗುವ ತೊಂದರೆ ತೆಗೆದುಕೊಳ್ಳಬೇಡಿ.

ಪಿಂಕ್ ಫ್ಲಾಯ್ಡ್ ಎಂಬ ಹೆಸರೇ ಕೇಳದವರಿಗೆ ಮಾತ್ರ ಈ ಸರದಿಯ ಲೆಕ್ಕಾಚಾರ ಬೇಕಿಲ್ಲ. ಡಾರ್ಕ್ ಸೈಡ್‌ನ ನಿರೀಕ್ಷೆ ಹೊತ್ತು ಬಂದವರಿಗಿರುವ ಅಡ್ಡಿ ಇವರಿಗಿಲ್ಲ. ‘ಸಾರ್ಜೆಂಟ್ ಪೆಪ್ಪರ್’ ಕಾಲದ ಬೀಟಲ್ಸ್ ಮೆಚ್ಚುವವರು, ಪ್ರಾಸದ ಆಟಕ್ಕೆ ಕಿವಿ ನಿಮಿರಿಸುವ ಮಕ್ಕಳು ಪೈಪರ್‌ನೊಳಗೆ ಸರಾಗವಾಗಿ ಇಳಿಯುತ್ತಾರೆ.

ನಮ್ಮಲ್ಲಿ ಪಿಂಕ್ ಫ್ಲಾಯ್ಡ್ ಎಂದರೆ ಎಪ್ಪತ್ತರ ದಶಕದ ಫ್ಲಾಯ್ಡ್ ಎಂದೇ ಬೇರೂರಿದೆ. 2002ರಲ್ಲಿ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗಲೂ ಆ ಪ್ರವಾಸದ ಹಾಡುಪಟ್ಟಿ ಬಹುಪಾಲು 1973ರಿಂದೀಚೆಯದೇ ಆಗಿತ್ತು. ಆದರೆ ಬ್ಯಾಂಡಿನವರು ಹಳೆಯದನ್ನು ಪೂರ್ತಿ ಮರೆತವರಲ್ಲ. 1994ರ ಪ್ರವಾಸದ ಎಷ್ಟೋ ಕಾರ್ಯಕ್ರಮಗಳನ್ನು ಅವರು ತೆರೆದದ್ದು ‘ಆಸ್ಟ್ರಾನಮಿ ಡಾಮಿನೇ’ಯಿಂದ. ಡ್ರಮ್ಮರ್ ನಿಕ್ ಮೇಸನ್ 2018ರಲ್ಲಿ ಕಟ್ಟಿದ ಹೊಸ ತಂಡ ನುಡಿಸುವುದೇ ಡಾರ್ಕ್ ಸೈಡ್‌ಗಿಂತ ಹಿಂದಿನ ಹಾಡುಗಳನ್ನು.

ಕೇಳಲು ಕೂರುವವರಿಗೆ ಕೊನೆಯದಾಗಿ ಒಂದು ಸಲಹೆ. ಪೈಪರ್‌ಗೆ ಮಾನೋ, ಸ್ಟೀರಿಯೋ ಎಂದು ಎರಡು ರೂಪಗಳಿವೆ; 2007ರಲ್ಲಿ ನಲವತ್ತು ವರ್ಷ ತುಂಬಿದಾಗ ತಂದ ಆವೃತ್ತಿಯಲ್ಲಿ ಎರಡೂ ಇವೆ. ಆ ಕಾಲದಲ್ಲಿ ಗಮನವೆಲ್ಲ ಮಾನೋ ಕಡೆಗೇ ಇರುತ್ತಿತ್ತು, ಸ್ಟೀರಿಯೋ ಕೆಲಸ ಆಮೇಲೆ ಬೇಗ ಮುಗಿಸುವಂಥದ್ದು. ಮಾನೋದಲ್ಲಿ ಸದ್ದು ಒತ್ತೊತ್ತಾಗಿ, ಎದೆಗೆ ತಾಕುವಂತೆ ಬರುತ್ತದೆ. ಎರಡು ಕಿವಿಗಳ ನಡುವಿನ ಆ ತೂಗಾಟವೊಂದು ಮಾತ್ರ ಸ್ಟೀರಿಯೋದಲ್ಲೇ ಸಿಗುವುದು. ಮೊದಲ ಸಲಕ್ಕೆ ಮಾನೋ ಹಾಕಿ, ಹಾಡುಗಳನ್ನು ಹಿಂದುಮುಂದು ಮಾಡದೆ ಒಂದೇ ಪಟ್ಟಿಗೆ ಕೇಳಿ. ‘ಬೈಕ್’ ಮುಗಿಯಿತೆಂದು ಎರಡನೆಯ ನಿಮಿಷಕ್ಕೇ ಎದ್ದುಬಿಡಬೇಡಿ.